ಅರ್ಧ ಹಸಿರಿನ ಪಾಯಿನ್ಸೆಟಿಯಾ

ಡಿಸೆಂಬರ್ ಹೊತ್ತಿಗೆ ನೆತ್ತಿ ಕೆಂಪಾಗುವ ಕುಂಡದ ಗಿಡ ಪಾಯಿನ್ಸೆಟಿಯಾ. ಅದನ್ನು ಕೊಳ್ಳಲು ಹೋದವರೆಲ್ಲ ಗಿಡದ ನೆತ್ತಿ ನೋಡುತ್ತಾರೆ. ಕೆಂಪು ಎಷ್ಟು ಅಗಲವಾಗಿದೆ, ಎಷ್ಟು ತುಂಬಿಕೊಂಡಿದೆ ಅಂತ. ನಾನು ಮೊದಲು ಬಗ್ಗಿ ಕೆಳಗಿನ ಎಲೆ ನೋಡುತ್ತೇನೆ. ಅಲ್ಲಿ ಕೆನೆಬಣ್ಣದ ಅಂಚು ಕಂಡರೆ ಮೇಲಿನ ಕೆಂಪು ಸ್ವಲ್ಪ ಬಡಕಲಾಗಿದ್ದರೂ ಪರವಾಗಿಲ್ಲ ಅನ್ನಿಸುತ್ತದೆ. ಕೆಂಪು ಎರಡು ಮೂರು ತಿಂಗಳ ಮಾತು. ಎಲೆಯನ್ನು ಉಳಿದ ತಿಂಗಳೆಲ್ಲ ನೋಡಬೇಕಲ್ವಾ?

ಇಂಥ ಒಂದು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿ. ಹಸಿರು, ಬಿಳಿ ಅಂತ ಬರೀ ಎರಡು ಬಣ್ಣ ಇರುವುದಿಲ್ಲ. ನಡುನರದ ಅಕ್ಕಪಕ್ಕ ಕಡು ಹಸಿರಿನ ಮಚ್ಚೆಗಳು. ಅದರಾಚೆ ಬೂದು ಬೆರೆತ ತೆಳು ಹಸಿರು. ಅದು ಮುಗಿದ ಮೇಲೆ ಕೆನೆ ಅಂಚು, ಒಂದು ಕಡೆ ದಾರದಷ್ಟು ಸಣ್ಣ, ಇನ್ನೊಂದು ಕಡೆ ಬೆರಳಗಲ. ಎಡ ಅರ್ಧ ಬಲ ಅರ್ಧಕ್ಕೆ ಹೊಂದುವುದೇ ಇಲ್ಲ. ಕೆನೆ ಜಾಸ್ತಿ ಇರುವ ಕಡೆ ಎಲೆ ತುಸು ಎಳೆದುಕೊಂಡು ಸೊಟ್ಟಗಾಗಿರುತ್ತದೆ. ಬಿಳಿ ಭಾಗ ಹಸಿರು ಭಾಗದಷ್ಟು ಜೋರಾಗಿ ಬೆಳೆಯುವುದಿಲ್ಲ, ಅದಕ್ಕೆ. ಒಂದೇ ಗಿಡದಲ್ಲಿ ಒಂದರ ಹಾಗೆ ಇನ್ನೊಂದು ಎಲೆ ಸಿಗುವುದಿಲ್ಲ.

ಇಂಥವನ್ನು ವೇರಿಗೇಟೆಡ್ ಪಾಯಿನ್ಸೆಟಿಯಾ ಅನ್ನುತ್ತಾರೆ. ಆದರೆ ಆ ಒಂದೇ ಹೆಸರಿನಲ್ಲಿ ಎರಡು ಬೇರೆ ಗುಂಪುಗಳು ಓಡಾಡುತ್ತವೆ. ಕೊಳ್ಳುವ ಮೊದಲು ಇದು ಗೊತ್ತಿರಬೇಕು. ಒಂದು ಗುಂಪಿನಲ್ಲಿ ಎಲೆಗೇ ಎರಡು ಬಣ್ಣ. ಟ್ಯಾಪೆಸ್ಟ್ರಿ, ಹಾಲಿ ಪಾಯಿಂಟ್ ಅನ್ನುವ ತಳಿಗಳಲ್ಲಿ ಎಲೆ ಹಸಿರು ಮತ್ತು ಬಂಗಾರ ಬಣ್ಣ. ಸಿಲ್ವರ್ ಸ್ಟಾರ್ ಸಾಲಿನವುಗಳಲ್ಲಿ ಅಂಚು ಬೆಳ್ಳಗೆ. ಇನ್ನೊಂದು ಗುಂಪಿನಲ್ಲಿ ಎಲೆ ಮಾಮೂಲಿ ಹಸಿರೇ. ಎರಡು ಬಣ್ಣ ಇರುವುದು ನೆತ್ತಿಯಲ್ಲಿ. ಜಿಂಗಲ್ ಬೆಲ್ಸ್‌ನಲ್ಲಿ ಕೆಂಪಿನ ಮೇಲೆ ಗುಲಾಬಿ ಬಣ್ಣ ಚಿಮುಕಿಸಿದ ಹಾಗೆ ಇರುತ್ತದೆ. ಮಾರ್ಬಲ್‌ನಲ್ಲಿ ನಡುವೆ ಗುಲಾಬಿ, ಸುತ್ತ ಕೆನೆ. ಎರಡನೇ ಗುಂಪಿನ ಗಿಡಕ್ಕೆ ಹಸಿರೆಲೆ ಪೂರ್ತಿ ಇರುವುದರಿಂದ ಕೆಂಪು ಪಾಯಿನ್ಸೆಟಿಯಾ ನೋಡಿಕೊಂಡ ಹಾಗೆಯೇ ಅದನ್ನೂ ನೋಡಿಕೊಳ್ಳಬಹುದು. ಕಷ್ಟ ಇರುವುದು ಮೊದಲ ಗುಂಪಿನಲ್ಲಿ. ನಾನು ಇಲ್ಲಿ ಜಾಸ್ತಿ ಹೇಳುವುದೂ ಅದರ ಬಗ್ಗೆಯೇ.

ಮೂರನೆಯದೂ ಒಂದಿದೆ. ನೀಲಿ, ನೇರಳೆ ಬಣ್ಣ ಬಳಿದು, ಮೇಲೆ ಮಿನುಗುಪುಡಿ ಉದುರಿಸಿದ ಗಿಡಗಳು. ಅವು ಬಿಳಿ ಪಾಯಿನ್ಸೆಟಿಯಾಗೆ ಸ್ಪ್ರೇ ಹೊಡೆದವು, ಅಷ್ಟೇ. ಹೊಸ ಚಿಗುರಿಗೆ ಆ ಬಣ್ಣ ಬರುವುದಿಲ್ಲ.

ನೆತ್ತಿಯ ಆ ಬಣ್ಣವೂ ಹೂವಲ್ಲ. ಅದು ಎಲೆಯದೇ ಇನ್ನೊಂದು ರೂಪ. ಸಸ್ಯಶಾಸ್ತ್ರದವರು ಬ್ರ್ಯಾಕ್ಟ್ ಅನ್ನುತ್ತಾರೆ, ನಾನು ಬಣ್ಣದೆಲೆ ಅನ್ನುತ್ತೇನೆ. ನಿಜವಾದ ಹೂವು ಅದರ ನಟ್ಟನಡುವೆ ಇರುವ ಹಸಿರು-ಹಳದಿ ಗುಂಡುಗಳ ಗೊಂಚಲು. ಒಂದೊಂದು ಗುಂಡಿನಲ್ಲೂ ಒಂದು ಹೆಣ್ಣು ಹೂವು, ಸುತ್ತ ಕೆಲವು ಗಂಡು ಹೂವು, ಪಕ್ಕದಲ್ಲಿ ತುಟಿಯ ಆಕಾರದ ಹಳದಿ ಮಕರಂದದ ಗ್ರಂಥಿ. ಕೊಳ್ಳುವಾಗ ಈ ಗುಂಡುಗಳನ್ನು ನೋಡಬೇಕು. ಇನ್ನೂ ಬಿಗಿಯಾಗಿ ಮುಚ್ಚಿಕೊಂಡಿದ್ದರೆ ಬಣ್ಣ ತುಂಬಾ ದಿನ ನಿಲ್ಲುತ್ತದೆ. ಅರಳಿ ಪರಾಗ ಉದುರಿಸುತ್ತಿದ್ದರೆ ಗಿಡ ಆಗಲೇ ಕೊನೆಯ ಹಂತಕ್ಕೆ ಬಂದಿದೆ ಅಂತ ತಿಳಿದುಕೊಳ್ಳಿ.

ಈಗ ಎಲೆಯ ಕೆನೆ ಅಂಚಿಗೆ ಬರೋಣ. ಗಿಡದ ಪ್ರತಿಯೊಂದು ಕುಡಿಯ ತುದಿಯಲ್ಲೂ ಹೊಸ ಜೀವಕೋಶ ಹುಟ್ಟುವ ಒಂದು ಚಿಕ್ಕ ಗುಡ್ಡೆ ಇರುತ್ತದೆ. ಅದರಲ್ಲಿ ಒಂದರ ಮೇಲೊಂದು ಮೂರು ಪದರ. ಹೊರಪದರದಿಂದ ಎಲೆಯ ಸಿಪ್ಪೆ ಆಗುತ್ತದೆ. ಎರಡನೇ ಪದರದಿಂದ ಸಿಪ್ಪೆಯ ಕೆಳಗಿನ ಭಾಗ, ಜೊತೆಗೆ ಅಂಚು ಪೂರ್ತಿ. ಮೂರನೇ ಪದರ ಎಲೆಯ ನಡುಭಾಗದ ಒಳತಿರುಳಾಗುತ್ತದೆ. ಬಹುಪಾಲು ವೇರಿಗೇಟೆಡ್ ಗಿಡಗಳಲ್ಲಿ ಈ ಪದರಗಳಲ್ಲಿ ಒಂದು ಯಾವಾಗಲೋ ಬದಲಾಗಿ, ಹಸಿರು ತಯಾರಿಸುವ ಶಕ್ತಿ ಕಳೆದುಕೊಂಡಿರುತ್ತದೆ. ಎರಡನೇ ಪದರ ಬೆಳ್ಳಗಾದರೆ ಅಂಚೆಲ್ಲ ಬೆಳ್ಳಗೆ. ನಡುಭಾಗದಲ್ಲಿ ಮೇಲೆ ಬಿಳಿ ಪದರ, ಒಳಗೆ ಹಸಿರು ತಿರುಳು. ಬಿಳಿಯ ಮೂಲಕ ಹಸಿರು ಕಂಡಾಗ ಅದು ಬೂದು ಹಸಿರಾಗಿ ಕಾಣುತ್ತದೆ. ಒಳಗಿನ ಹಸಿರು ಕೋಶಗಳು ಅಲ್ಲಲ್ಲಿ ಮೇಲಿನ ಪದರಕ್ಕೂ ನುಗ್ಗಿದ ಕಡೆ ಕಡು ಹಸಿರಿನ ಮಚ್ಚೆ. ಎಲೆಯ ಮೇಲೆ ಕಾಣುವ ಆ ನಕ್ಷೆ ಅಂದರೆ ಯಾವ ಪದರ ಎಲ್ಲಿಯವರೆಗೆ ಬಂದಿದೆ ಅನ್ನುವುದರ ಗುರುತು.

ಇದನ್ನು ಕೈಮೆರಾ ಅನ್ನುತ್ತಾರೆ. ಬೇರೆ ಬೇರೆ ವಂಶದ ಕೋಶಗಳು ಒಂದೇ ಮೈಯಲ್ಲಿ ಇರುವ ಗಿಡ. ಒಂದೇ ಕುಂಡದಲ್ಲಿ ಎರಡು ಗಿಡ ಬೆಳೆಸುತ್ತಿದ್ದೇವೆ ಅಂದುಕೊಂಡರೆ ತಪ್ಪೇನಿಲ್ಲ. ಅವೆರಡಕ್ಕೂ ಬೇಕಾದ ಊಟ ಮಾತ್ರ ಒಂದೇ ಮಾಡುತ್ತದೆ. ಇಬ್ಬರು ದುಡಿದು ಎಂಟು ಮಂದಿ ಉಣ್ಣುವ ಮನೆ ಇದ್ದ ಹಾಗೆ. ಬಿಳಿ ಭಾಗ ಬಿಸಿಲಿನಲ್ಲಿ ನಿಂತು ಏನನ್ನೂ ಗಳಿಸುವುದಿಲ್ಲ. ನೀರು, ಗೊಬ್ಬರ, ಸಕ್ಕರೆ ಎಲ್ಲದರಲ್ಲೂ ಪಾಲು ಮಾತ್ರ ಕೇಳುತ್ತದೆ.

ಪಾಯಿನ್ಸೆಟಿಯಾ ಬೆಳೆಸುವ ಬಗ್ಗೆ ಸಿಗುವ ಸಲಹೆಗಳೆಲ್ಲ ಪೂರ್ತಿ ಹಸಿರು ಎಲೆಯ ಗಿಡಕ್ಕೆ ಹೇಳಿದವು. ಅದೇ ಲೆಕ್ಕದಲ್ಲಿ ಅರ್ಧ ಹಸಿರಿನ ಗಿಡಕ್ಕೆ ನೀರು ಹಾಕಿ, ಗೊಬ್ಬರ ಹಾಕಿ, ಕತ್ತರಿ ಆಡಿಸಿದರೆ ಅದು ಸೊರಗುತ್ತದೆ. ಆಮೇಲೆ "ವೇರಿಗೇಟೆಡ್ ಅಂದರೆ ಸೂಕ್ಷ್ಮ" ಅಂತ ಹೆಸರು ಬರುತ್ತದೆ. ನನ್ನ ಪ್ರಕಾರ ಅದು ಅಷ್ಟೇನೂ ಸೂಕ್ಷ್ಮ ಅಲ್ಲ. ನಿಧಾನ, ಅಷ್ಟೇ. ಅದರ ಆದಾಯ ಕಡಿಮೆ ಅಂತ ನೆನಪಿಟ್ಟುಕೊಂಡರೆ ಮುಕ್ಕಾಲು ಕೆಲಸ ಆದ ಹಾಗೆ.

ಬೆಳಕು ಮೊದಲು. ಮನೆಯಲ್ಲಿ ಅತಿ ಹೆಚ್ಚು ಬೆಳಕು ಬೀಳುವ ಕಿಟಕಿ ಯಾವುದೋ ಅಲ್ಲಿಡಿ. ಮಂದ ಬೆಳಕಿನಲ್ಲಿ ಪೂರ್ತಿ ಹಸಿರಿನ ಗಿಡ ಕೆಲವು ವಾರ ತಡೆದುಕೊಳ್ಳುತ್ತದೆ. ಇದು ತಡೆಯುವುದಿಲ್ಲ, ಕೆಳಗಿನ ಎಲೆ ಉದುರಿಸಲು ಶುರು ಮಾಡುತ್ತದೆ. ಹಾಗಂತ ನಡುಹಗಲಿನ ಸುಡುಬಿಸಿಲಿಗೆ ಒಮ್ಮೆಲೇ ಇಟ್ಟರೆ ಕೆನೆ ಅಂಚು ಕಂದು ಬಣ್ಣಕ್ಕೆ ತಿರುಗಿ ಕಾಗದದ ಹಾಗೆ ಒಣಗುತ್ತದೆ. ಬೆಳಗಿನ ಬಿಸಿಲು ಒಳ್ಳೆಯದು. ಹೊರಗೆ ಇಡುವುದಾದರೆ ಮೊದಲು ನೆರಳಿನಲ್ಲಿಟ್ಟು, ಆಮೇಲೆ ದಿನಾ ಸ್ವಲ್ಪ ಸ್ವಲ್ಪ ಬಿಸಿಲಿಗೆ ಒಗ್ಗಿಸಿ.

ನೀರಿನ ವಿಷಯದಲ್ಲಿ ಒಂದೇ ಮಾತು. ಮಣ್ಣಿನ ಮೇಲ್ಭಾಗ ಮುಟ್ಟಿದರೆ ಒಣಗಿರಬೇಕು, ಕುಂಡ ಎತ್ತಿದರೆ ಹಗುರ ಅನ್ನಿಸಬೇಕು. ಆಗ ತಳದ ತೂತಿನಿಂದ ಹರಿಯುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ನಿಧಾನವಾಗಿ ಬೆಳೆಯುವ ಗಿಡ ನಿಧಾನವಾಗಿ ಕುಡಿಯುತ್ತದೆ. ಕೆಂಪು ಪಾಯಿನ್ಸೆಟಿಯಾದ ಪಕ್ಕ ಇಟ್ಟು ಎರಡಕ್ಕೂ ಒಂದೇ ದಿನ ನೀರು ಹಾಕುವ ಅಭ್ಯಾಸ ಬೇಡ. ಅಂಗಡಿಯಿಂದ ಬರುವಾಗ ಕುಂಡಕ್ಕೆ ಸುತ್ತಿರುವ ಬಣ್ಣದ ಹಾಳೆಯನ್ನು ಬಂದ ದಿನವೇ ಬಿಚ್ಚಿ. ಅದರೊಳಗೆ ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಬೇರು ಕೊಳೆತ ಗಿಡ ನೀರಿಲ್ಲದ ಗಿಡದ ಹಾಗೆಯೇ ಬಾಡುತ್ತದೆ. ಅದನ್ನು ನೋಡಿ ಇನ್ನಷ್ಟು ನೀರು ಹಾಕಿದರೆ ಮುಗಿಯಿತು ಕಥೆ.

ಇಡೀ ಗಿಡವನ್ನು ಮುಚ್ಚಿ ಕೊಡುವ ಕಾಗದದ ತೋಳನ್ನೂ ಬೇಗ ತೆಗೆಯಿರಿ. ಎಲೆ ಮಡಚಿಕೊಂಡು ಒಳಗೇ ಇದ್ದರೆ ಗಿಡ ತಾನೇ ಎಥಿಲೀನ್ ಅನಿಲ ಬಿಡುತ್ತದೆ. ಅದು ಒಳಗೇ ತುಂಬಿಕೊಂಡು ಎಲೆತೊಟ್ಟುಗಳು ಕೆಳಕ್ಕೆ ಜೋತು ಬೀಳುತ್ತವೆ. ಹಣ್ಣಾಗುತ್ತಿರುವ ಹಣ್ಣಿನ ಬುಟ್ಟಿಯ ಪಕ್ಕದಲ್ಲೂ ಇಡಬಾರದು ಅನ್ನುವುದು ಇದೇ ಅನಿಲಕ್ಕೋಸ್ಕರ.

ಇನ್ನು ಗೊಬ್ಬರ. ನನಗೆ ಈ ಗಿಡದಲ್ಲಿ ಅತಿ ಕುತೂಹಲದ ಭಾಗ ಇದೇ. ಮಾಮೂಲಿ ಪಾಯಿನ್ಸೆಟಿಯಾದಲ್ಲಿ ಎಲೆ ಹಳದಿಯಾದರೆ ತಕ್ಷಣ ಗೊತ್ತಾಗುತ್ತದೆ. ಮೊದಲೇ ಹಳದಿ-ಕೆನೆ ಇರುವ ಎಲೆಯಲ್ಲಿ ಕಾಯಿಲೆಯ ಹಳದಿ ಯಾವುದು, ಹುಟ್ಟಿನ ಹಳದಿ ಯಾವುದು? ಪಾಯಿನ್ಸೆಟಿಯಾ ಬೇರೆ ಪೋಷಕಾಂಶಗಳ ವಿಷಯದಲ್ಲಿ ಸ್ವಲ್ಪ ರಗಳೆಯ ಗಿಡ. ಮಾಲಿಬ್ಡಿನಮ್ ಅನ್ನುವ, ಬಹುಪಾಲು ಗಿಡಗಳಿಗೆ ಲೆಕ್ಕಕ್ಕೇ ಬಾರದಷ್ಟು ಕಡಿಮೆ ಸಾಕಾಗುವ ಅಂಶ ಇದಕ್ಕೆ ಜಾಸ್ತಿ ಬೇಕು. ಅದು ಕಡಿಮೆಯಾದರೆ ಗಿಡದ ನಡುಭಾಗದ ಎಲೆಗಳ ಅಂಚು ಹಳದಿಯಾಗುತ್ತದೆ. ಆಮೇಲೆ ಅಂಚು ಸುಟ್ಟಂತಾಗಿ ಮೇಲಕ್ಕೆ ಸುರುಳುತ್ತದೆ. ಕೆನೆ ಅಂಚಿನ ಗಿಡದಲ್ಲಿ ಅಂಚಿನಿಂದ ಶುರುವಾಗುವ ಹಳದಿ! ಗಮನಿಸದಿದ್ದರೆ ವಾರಗಟ್ಟಲೆ ಚೆಂದ ಅಂತ ನೋಡುತ್ತಾ ಕೂರಬಹುದು.

ಗುರುತಿಸುವ ದಾರಿ ಇದೆ. ಹುಟ್ಟಿನ ಬಣ್ಣ ಎಲೆ ಬಿಚ್ಚಿಕೊಳ್ಳುವಾಗಲೇ ಬಂದಿರುತ್ತದೆ. ಎಲೆ ದೊಡ್ಡದಾದ ಹಾಗೆ ನಕ್ಷೆಯೂ ದೊಡ್ಡದಾಗುತ್ತದೆ, ಆದರೆ ಗೆರೆ ಸರಿದಾಡುವುದಿಲ್ಲ. ಹಸಿರು ಮುಗಿದು ಕೆನೆ ಶುರುವಾಗುವ ಕಡೆ ಬ್ಲೇಡಿನಲ್ಲಿ ಕೊಯ್ದಷ್ಟು ಚೂಪಾದ ಗಡಿ ಇರುತ್ತದೆ. ಅದು ನರಗಳನ್ನು ಲೆಕ್ಕಿಸುವುದಿಲ್ಲ, ಎಲ್ಲೆಂದರಲ್ಲಿ ದಾಟುತ್ತದೆ. ಕೊರತೆಯ ಹಳದಿ ಹಾಗಲ್ಲ. ಅದು ಆಮೇಲೆ ಬರುತ್ತದೆ, ಹಸಿರಾಗಿದ್ದ ಕಡೆ ಬರುತ್ತದೆ, ಮೆಲ್ಲಗೆ ಹರಡುತ್ತದೆ, ಗಡಿ ಮಸುಕಾಗಿರುತ್ತದೆ. ಮೆಗ್ನೀಸಿಯಂ ಕಡಿಮೆಯಾದರೆ ಹಳೆಯ, ಕೆಳಗಿನ ಎಲೆಗಳಲ್ಲಿ ನರ ಹಸಿರಾಗೇ ಉಳಿದು ನಡುವಿನ ಜಾಗ ಹಳದಿಯಾಗುತ್ತದೆ. ಕಬ್ಬಿಣ ಕಡಿಮೆಯಾದರೆ ಅದೇ ಥರದ ಹಳದಿ ಹೊಸ ಚಿಗುರಿನಲ್ಲಿ. ಒಂದು ಎಲೆಯ ಫೋಟೋ ತೆಗೆದಿಟ್ಟುಕೊಂಡು ಹದಿನೈದು ದಿನ ಬಿಟ್ಟು ಅದೇ ಎಲೆಯ ಜೊತೆ ಹೋಲಿಸಿದರೆ ಅನುಮಾನ ಉಳಿಯುವುದಿಲ್ಲ. ಫೋನು ಇಂಥ ಕೆಲಸಕ್ಕಾದರೂ ಉಪಯೋಗಕ್ಕೆ ಬರಲಿ.

ಇನ್ನೊಂದು ಹುಸಿ ವೇರಿಗೇಶನ್ ವೈರಸ್‌ನದು. ಪಾಯಿನ್ಸೆಟಿಯಾ ಮೊಸಾಯಿಕ್ ವೈರಸ್ ತಗುಲಿದ ಎಲೆಯಲ್ಲಿ ತೆಳು ಹಳದಿ ಕಲೆಗಳು ಚದುರಿರುತ್ತವೆ, ಎಲೆ ಮುರುಟಿಕೊಳ್ಳುವುದೂ ಉಂಟು. ಹಸಿರು ತಳಿಯ ಗಿಡದಲ್ಲಿ ಏಕಾಏಕಿ ಇಂಥ ಮಸುಕು ಚುಕ್ಕೆ ಕಂಡರೆ ಹೊಸ ತಳಿ ಸಿಕ್ಕಿತು ಅಂತ ಹಿಗ್ಗಬೇಡಿ.

ಗೊಬ್ಬರದ ಪ್ರಮಾಣ ನಾನು ಪ್ಯಾಕೆಟ್ ಮೇಲೆ ಬರೆದಿರುವುದರ ಅರ್ಧಕ್ಕೆ ಇಳಿಸುತ್ತೇನೆ. ಅದೂ ಗಿಡ ಚಿಗುರುವ ತಿಂಗಳುಗಳಲ್ಲಿ ಮಾತ್ರ. ಸಾರಜನಕ ಜಾಸ್ತಿ ಸುರಿದರೆ ಎಲೆ ಮೆತ್ತಗೆ, ಕಾಂಡ ಉದ್ದುದ್ದ ಆಗುತ್ತದೆ. ಮಣ್ಣಿನಲ್ಲಿ ಉಪ್ಪಿನಂಶ ಕೂಡಿಕೊಂಡರೆ ಮೊದಲು ಸುಡುವುದು ಎಲೆಯ ಅಂಚು. ಈ ಗಿಡದ ಚೆಲುವೆಲ್ಲ ಇರುವುದು ಅಲ್ಲೇ. ಮಾಲಿಬ್ಡಿನಮ್ ಸೇರಿ ಸೂಕ್ಷ್ಮ ಪೋಷಕಾಂಶಗಳಿರುವ ಗೊಬ್ಬರ ಆರಿಸಿ. ಕುಂಡದ ಮಿಶ್ರಣ ತೀರಾ ಹುಳಿಯಾದರೆ ಮಾಲಿಬ್ಡಿನಮ್ ಇದ್ದರೂ ಬೇರಿಗೆ ಸಿಗುವುದಿಲ್ಲ. ಪಿಎಚ್ 6ರ ಆಸುಪಾಸು ಇರಲಿ. ಕುಂಡ ಬದಲಿಸುವಾಗ ಒಂದೇ ಅಳತೆ ದೊಡ್ಡದಕ್ಕೆ ಹೋಗಿ. ಬೇರು ಕಡಿಮೆ ಇರುವ ಗಿಡವನ್ನು ದೊಡ್ಡ ಕುಂಡಕ್ಕೆ ಹಾಕಿದರೆ ಸುತ್ತಲಿನ ಮಣ್ಣು ಒಣಗುವುದೇ ಇಲ್ಲ.

ಈ ಗಿಡದ ತವರು ಮೆಕ್ಸಿಕೊ. ಅಲ್ಲಿನ ಪೆಸಿಫಿಕ್ ಕಡೆಯ ಇಳಿಜಾರುಗಳಲ್ಲಿ, ವರ್ಷದಲ್ಲಿ ಕೆಲವು ತಿಂಗಳು ಪೂರ್ತಿ ಒಣಗುವ ಕಾಡುಗಳಲ್ಲಿ ಬೆಳೆಯುತ್ತದೆ. ನಾವು ಕುಂಡದಲ್ಲಿ ನೋಡುವ ದುಂಡನೆಯ ಗಿಡಕ್ಕೂ ಅದಕ್ಕೂ ಹೋಲಿಕೆ ಕಡಿಮೆ. ಕಾಡಿನದು ಆಳೆತ್ತರ ಮೀರಿ ಬೆಳೆಯುವ, ಕೊಂಬೆ ಕಡಿಮೆ ಇರುವ, ಕಡ್ಡಿ ಕಡ್ಡಿಯಾದ ಪೊದೆ. ಈಗ ಬೆಳೆಸುವ ತಳಿಗಳ ಮೂಲ ಮೆಕ್ಸಿಕೊದ ಗೆರೆರೊ ರಾಜ್ಯದ ಉತ್ತರ ಭಾಗದ ಕಾಡು ಗಿಡಗಳು ಇರಬೇಕು ಅಂತ 2012ರಲ್ಲಿ ಡಿಎನ್ಎ ಅಧ್ಯಯನವೊಂದು ತೋರಿಸಿತು. ಅಮೆರಿಕದ ರಾಯಭಾರಿಯಾಗಿ ಮೆಕ್ಸಿಕೊದಲ್ಲಿದ್ದ ಜೋಯೆಲ್ ರಾಬರ್ಟ್ಸ್ ಪಾಯಿನ್ಸೆಟ್ 1828ರ ಹೊತ್ತಿಗೆ ದಕ್ಷಿಣ ಕ್ಯಾರೊಲಿನಾದ ತನ್ನ ಮನೆಗೆ ಈ ಗಿಡ ಕಳಿಸಿದ. ಹೆಸರು ಅವನದೇ ಉಳಿಯಿತು. ಆಮೇಲೆ ಅವನು ಅಮೆರಿಕದ ಯುದ್ಧ ಕಾರ್ಯದರ್ಶಿಯಾಗಿ ಆ ದೇಶದ ಮೂಲನಿವಾಸಿಗಳನ್ನು ಅವರ ನೆಲದಿಂದ ಒಕ್ಕಲೆಬ್ಬಿಸುವ ಕೆಲಸದಲ್ಲೂ ಇದ್ದ. ಹಾಗಾಗಿ ಗಿಡಕ್ಕೆ ಈ ಹೆಸರು ಬೇಡ, ಮೆಕ್ಸಿಕೊದ ನಾವಾತ್ಲ್ ಭಾಷೆಯ ಹಳೆಯ ಹೆಸರಾದ ಕ್ವೆತ್ಲಶೋಚಿತ್ಲ್ ಅನ್ನೇ ಬಳಸೋಣ ಅನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ ಅಂತ ನನಗನ್ನಿಸುತ್ತದೆ, ಆದರೆ ನನ್ನ ನಾಲಿಗೆ ಇನ್ನೂ ಹಳೆಯದಕ್ಕೇ ಅಂಟಿಕೊಂಡಿದೆ.

ಕುಂಡದ ಗಿಡ ದುಂಡಗಾದದ್ದು ಹೇಗೆ ಅನ್ನುವ ಕಥೆ ಇನ್ನೂ ವಿಚಿತ್ರ. ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ನಲ್ಲಿ ಎಕ್ಕೆ ಅನ್ನುವ ಕುಟುಂಬ ದಶಕಗಟ್ಟಲೆ ಪಾಯಿನ್ಸೆಟಿಯಾ ವ್ಯಾಪಾರವನ್ನು ಹಿಡಿತದಲ್ಲಿ ಇಟ್ಟುಕೊಂಡಿತ್ತು. ಚೆನ್ನಾಗಿ ಕವಲೊಡೆಯುವ ಗಿಡಕ್ಕೆ ಕವಲೊಡೆಯದ ಗಿಡವನ್ನು ಕಸಿ ಕಟ್ಟುವುದು ಅವರ ಗುಟ್ಟು. ಕಸಿ ಕಟ್ಟಿದರೆ ಎರಡನೆಯದೂ ಕವಲೊಡೆಯುತ್ತಿತ್ತು. ಒಂದು ಗಿಡದಿಂದ ಇನ್ನೊಂದಕ್ಕೆ ಏನೋ ದಾಟುತ್ತಿತ್ತು. ಅದು ಫೈಟೊಪ್ಲಾಸ್ಮಾ, ಅಂದರೆ ಗೋಡೆಯಿಲ್ಲದ ಒಂದು ಬ್ಯಾಕ್ಟೀರಿಯಾ ಜಾತಿ ಅಂತ 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಬೇರೆ ಬೆಳೆಗಳಲ್ಲಿ ರೋಗ ತರುವ ಗುಂಪಿನ ಜೀವಿ ಇಲ್ಲಿ ಗಿಡವನ್ನು ಚೆಂದ ಮಾಡುತ್ತಿದೆ. ಅಂದರೆ ಕುಂಡದ ವೇರಿಗೇಟೆಡ್ ಪಾಯಿನ್ಸೆಟಿಯಾದಲ್ಲಿ ಹಸಿರು ಕೋಶ, ಬಿಳಿ ಕೋಶ, ಜೊತೆಗೆ ಒಬ್ಬ ಬಾಡಿಗೆದಾರ. ಮೂವರನ್ನೂ ಒಟ್ಟಿಗೆ ಸಾಕಬೇಕು.

ವೇರಿಗೇಟೆಡ್ ಗಿಡವನ್ನು ಬೀಜದಿಂದ ಬೆಳೆಸಲಾಗದೆ ಇರುವುದು ಆ ಮೂರು ಪದರಗಳಿಂದಲೇ. ಬೀಜಕ್ಕೆ ಪದರಗಳ ಜೋಡಣೆ ದಾಟುವುದಿಲ್ಲ. ಕುಡಿಯ ತುಂಡು ನೆಟ್ಟರೆ ಮೂರೂ ಪದರ ಇದ್ದ ಹಾಗೆಯೇ ಬರುತ್ತವೆ.

ಆ ಜೋಡಣೆ ಗಿಡದಲ್ಲೇ ಒಮ್ಮೊಮ್ಮೆ ಜಾರುತ್ತದೆ. ಎಲೆ ಕಂಕುಳಿನಿಂದ ಪೂರ್ತಿ ಹಸಿರು ಕೊಂಬೆಯೊಂದು ಹೊರಡುತ್ತದೆ. ನೋಡಲು ಗಟ್ಟಿಮುಟ್ಟು, ಎಲೆ ದೊಡ್ಡದು, ಗೆಣ್ಣಿನಿಂದ ಗೆಣ್ಣಿಗೆ ದಾಪುಗಾಲು. ಅದಕ್ಕೆ ಊಟದ ಚಿಂತೆ ಇಲ್ಲವಲ್ಲ. ಹಾಗೇ ಬಿಟ್ಟರೆ ಸ್ವಲ್ಪ ದಿನಕ್ಕೆ ಗಿಡದ ನೀರು, ಬೆಳಕು ಎಲ್ಲವನ್ನೂ ಅದೇ ಹಿಡಿದುಕೊಳ್ಳುತ್ತದೆ, ಬಣ್ಣದ ಕೊಂಬೆಗಳು ಮೂಲೆಗೆ ಸೇರುತ್ತವೆ. ಕಂಡ ಕೂಡಲೇ ಬುಡದ ತನಕ ಕತ್ತರಿಸಬೇಕು. ಅರ್ಧಕ್ಕೆ ಕತ್ತರಿಸಿದರೆ ಉಳಿದ ಗೆಣ್ಣಿನಿಂದ ಮತ್ತೆ ಹಸಿರೇ ಬರುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ. ಪೂರ್ತಿ ಕೆನೆಬಣ್ಣದ ಕೊಂಬೆ. ಅದರಷ್ಟು ಚೆಂದದ್ದು ಗಿಡದಲ್ಲಿ ಇನ್ನೊಂದಿಲ್ಲ, ಕತ್ತರಿಸಲು ಮನಸ್ಸು ಬರುವುದಿಲ್ಲ. ಅದು ಮಾತ್ರ ಉಳಿದ ಗಿಡದ ದುಡಿಮೆಯ ಮೇಲೆ ಬದುಕುತ್ತದೆ. ಒಂದು ಚಿಕ್ಕ ಕೊಂಬೆಯಾದರೆ ಇರಲಿ ಅಂತ ಬಿಡುತ್ತೇನೆ. ಎರಡಾದರೆ ಒಂದನ್ನು ತೆಗೆಯುತ್ತೇನೆ. ಬೇರು ಬರಿಸಲು ಅದರ ತುಂಡು ನೆಡುವುದು ದಂಡ. ಹಸಿರಿಲ್ಲದೆ ಅದು ತನ್ನ ಕಾಲ ಮೇಲೆ ನಿಲ್ಲಲಾರದು.

ನೆತ್ತಿಯ ಬಣ್ಣ ಮಾಸಿ, ಬಣ್ಣದೆಲೆಗಳು ಉದುರಿದ ಮೇಲೆ, ಮಾರ್ಚ್-ಏಪ್ರಿಲ್ ಹೊತ್ತಿಗೆ ಗಿಡವನ್ನು ಗಿಡ್ಡ ಮಾಡುತ್ತಾರೆ. ಕೆಂಪು ಪಾಯಿನ್ಸೆಟಿಯಾ ಆದರೆ ಮಣ್ಣಿನಿಂದ 15-20 ಸೆಂಟಿಮೀಟರ್ ಬಿಟ್ಟು ಸಾರಾಸಗಟಾಗಿ ಕತ್ತರಿಸಬಹುದು. ವೇರಿಗೇಟೆಡ್‌ಗೆ ಅಷ್ಟು ಧೈರ್ಯ ಬೇಡ. ಪ್ರತಿ ಕೊಂಬೆಯಲ್ಲೂ ಒಂದೆರಡು ಒಳ್ಳೆಯ ಎಲೆ ಉಳಿಸಿ, ಹೊಸ ಚಿಗುರು ಬರುವವರೆಗೆ ಅವೇ ಗಿಡವನ್ನು ಸಾಕಬೇಕು. ಎಲ್ಲಿ ಕತ್ತರಿಸುವುದು ಅನ್ನುವುದೂ ಮುಖ್ಯ. ಹಸಿರು ಕೆನೆ ಎರಡೂ ಸಮವಾಗಿರುವ ಎಲೆಯ ಸ್ವಲ್ಪ ಮೇಲೆ ಕತ್ತರಿಸಿ. ಆ ಕಂಕುಳಿನ ಮೊಗ್ಗು ಸಾಮಾನ್ಯವಾಗಿ ಅದೇ ಹದದ ಕೊಂಬೆ ಕೊಡುತ್ತದೆ.

ಕತ್ತರಿಸಿದ ಕಡೆ ಬಿಳಿ ಹಾಲು ಸುರಿಯುತ್ತದೆ. ಅದು ಕೈಗೆ ತಾಗಿದರೆ ಕೆಲವರಿಗೆ ತುರಿಕೆ ಬರುತ್ತದೆ. ರಬ್ಬರಿನ ಹಾಲಿನ ಅಲರ್ಜಿ ಇರುವವರು ಇದರಿಂದ ದೂರ ಇರುವುದೇ ಒಳ್ಳೆಯದು. ಆದರೆ ಪಾಯಿನ್ಸೆಟಿಯಾ ಎಲೆ ತಿಂದರೆ ಜೀವಕ್ಕೇ ಅಪಾಯ ಅನ್ನುವುದು ಉತ್ಪ್ರೇಕ್ಷೆ. 1919ರಲ್ಲಿ ಹವಾಯಿಯಲ್ಲಿ ಮಗುವೊಂದು ಸತ್ತಿತು ಅನ್ನುವ ಗಾಳಿಸುದ್ದಿಯಿಂದ ಅದು ಹುಟ್ಟಿಕೊಂಡಿತು ಅನ್ನುತ್ತಾರೆ. ಆಮೇಲಿನ ಪರೀಕ್ಷೆಗಳು ಅದನ್ನು ಒಪ್ಪಲಿಲ್ಲ. ನಾಯಿ, ಬೆಕ್ಕು ಕಡಿದರೆ ಜೊಲ್ಲು ಸುರಿಸುತ್ತವೆ, ವಾಂತಿ ಮಾಡಿಕೊಳ್ಳಬಹುದು. ಅದೂ ಬೇಡ ಅಂದರೆ ಎತ್ತರದಲ್ಲಿಡಿ.

ಬೇಸಿಗೆಯಲ್ಲಿ ಕುಡಿ ಚಿವುಟುವ ಕೆಲಸ. ಹೊಸ ಕೊಂಬೆ ಐದಾರು ಎಲೆ ಬಿಟ್ಟ ಮೇಲೆ ತುದಿ ಚಿವುಟಿದರೆ ಕೆಳಗಿನಿಂದ ಕವಲು ಬರುತ್ತದೆ. ಕೆಂಪು ಗಿಡಕ್ಕೆ ಎರಡು ಮೂರು ಸಲ ಚಿವುಟುತ್ತಾರೆ. ಇದಕ್ಕೆ ಒಂದು ಸಲ ಸಾಕು, ಗಿಡ ಚೆನ್ನಾಗಿದ್ದರೆ ಎರಡು. ಕೊನೆಯ ಚಿವುಟು ಆಗಸ್ಟ್ ದಾಟಬಾರದು. ಇದೆಲ್ಲ ಭೂಮಧ್ಯ ರೇಖೆಯ ಉತ್ತರದವರ ಲೆಕ್ಕ. ದಕ್ಷಿಣಾರ್ಧ ಗೋಳದಲ್ಲಿ ಈ ಗಿಡ ತನ್ನಷ್ಟಕ್ಕೆ ಬಣ್ಣ ಬಿಡುವುದು ಜೂನ್-ಜುಲೈನಲ್ಲಿ. ಅಲ್ಲಿ ಎಲ್ಲವನ್ನೂ ಆರು ತಿಂಗಳು ಸರಿಸಿಕೊಳ್ಳಬೇಕು.

ಯಾಕೆಂದರೆ ಪಾಯಿನ್ಸೆಟಿಯಾ ಲೆಕ್ಕ ಹಾಕುವುದು ರಾತ್ರಿಯನ್ನು. ಗಿಡಗಳು ಹಗಲು-ರಾತ್ರಿಯ ಉದ್ದ ನೋಡಿ ಹೂ ಬಿಡುತ್ತವೆ ಅನ್ನುವುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತಂಬಾಕು, ಸೋಯಾ ಗಿಡಗಳನ್ನು ಇಟ್ಟುಕೊಂಡು ತೋರಿಸಿದರು. ಪಾಯಿನ್ಸೆಟಿಯಾ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ರಾತ್ರಿ ಸುಮಾರು 12 ಗಂಟೆ ಮುಟ್ಟುವ ತನಕ ಅದು ಎಲೆ ಮಾತ್ರ ಬಿಡುತ್ತಾ ಹೋಗುತ್ತದೆ. ಸೆಪ್ಟೆಂಬರ್ ಕೊನೆಗೆ ರಾತ್ರಿ ಉದ್ದವಾದಾಗ ಒಳಗೆ ಮೊಗ್ಗು ಶುರು. ಹೊರಗೆ, ಯಾವ ದೀಪವೂ ಇಲ್ಲದ ಕಡೆ ಇಟ್ಟ ಗಿಡಕ್ಕೆ ನಾವು ಏನೂ ಮಾಡಬೇಕಾಗಿಲ್ಲ. ಮನೆಯೊಳಗಿನ ಗಿಡಕ್ಕೆ ನಮ್ಮ ಟ್ಯೂಬ್‌ಲೈಟೇ ಶತ್ರು. ಅದಕ್ಕೇ ಅಕ್ಟೋಬರ್ ಮೊದಲ ದಿನಗಳಿಂದ ಸಂಜೆ 5ಕ್ಕೆ ಮುಚ್ಚಿ ಬೆಳಿಗ್ಗೆ 8ಕ್ಕೆ ತೆಗೆಯುವ ಪದ್ಧತಿ ಬಂದಿದ್ದು. ರಟ್ಟಿನ ಡಬ್ಬ ಸಾಕು. ಎಂಟರಿಂದ ಹತ್ತು ವಾರ ಬಿಡದೆ ಮಾಡಬೇಕು. ಮಧ್ಯರಾತ್ರಿ ಒಂದು ಸಲ ದೀಪ ಹಾಕಿದರೂ ಗಿಡಕ್ಕೆ ಅದು ಎರಡು ಚಿಕ್ಕ ರಾತ್ರಿಗಳ ಹಾಗೆ ಲೆಕ್ಕ. ಕಿಟಕಿಯಾಚೆಯ ಬೀದಿದೀಪವೂ ಕೆಡಿಸಬಲ್ಲದು. ಡಬ್ಬ ಮುಚ್ಚಿದ ಮೇಲೆ ಅದರ ಅಂಚಿನಲ್ಲಿ ಬೆಳಕಿನ ಗೆರೆ ಕಾಣುತ್ತದೆಯೇ ಅಂತ ಒಮ್ಮೆ ಒಳಗೆ ಇಣುಕಿ ನೋಡಿ.

ಸೆಕೆ ಇದ್ದರೂ ಬಣ್ಣ ತಡವಾಗುತ್ತದೆ. ರಾತ್ರಿ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿಯಾದರೆ ಡಬ್ಬದ ಕೆಲಸ ಅರ್ಧ ವ್ಯರ್ಥ. 10 ಡಿಗ್ರಿಗಿಂತ ಕೆಳಗೆ ಇಳಿದರೆ ಎಲೆಯೇ ಉದುರುತ್ತದೆ. ವೇರಿಗೇಟೆಡ್ ಗಿಡಕ್ಕೆ ಇಲ್ಲಿ ಇನ್ನೊಂದು ತೊಡಕು. ದಿನಕ್ಕೆ 15 ಗಂಟೆ ಕತ್ತಲಲ್ಲಿ ಕೂರಿಸಿದರೆ ಗಳಿಕೆಗೆ ಸಿಗುವುದು 9 ಗಂಟೆ. ಆ 9 ಗಂಟೆಯೂ ಮಂಕು ಬೆಳಕಿನದಾದರೆ ಬಣ್ಣದೆಲೆ ಬಡವಾಗಿ ಬರುತ್ತದೆ. ಹಾಗಾಗಿ ಬೆಳಿಗ್ಗೆ ಡಬ್ಬ ತೆಗೆದ ಕೂಡಲೇ ಗಿಡ ಕಿಟಕಿಗೆ ಹೋಗಬೇಕು. ನೆನಪಾದಾಗ ತೆಗೆದರಾಯ್ತು ಅನ್ನುವ ಹಾಗಿಲ್ಲ.

ಬಣ್ಣ ಏರುವ ವಾರಗಳಲ್ಲಿ ದಿನಾ ನೋಡುವಂಥದ್ದು ಒಂದಿದೆ. ಪೂರ್ತಿ ಎಲೆಯೂ ಅಲ್ಲದ, ಪೂರ್ತಿ ಬಣ್ಣದೆಲೆಯೂ ಅಲ್ಲದ ನಡುವಿನ ಎಲೆಗಳು. ಕೆಂಪು ತೊಟ್ಟಿನ ಕಡೆಯಿಂದ ಶುರುವಾಗಿ ನರಗಳ ಗುಂಟ ಮೇಲೇರುತ್ತದೆ. ಹಸಿರು ಇರುವ ಕಡೆ ಕೆಂಪು ಬಿದ್ದರೆ ಅದು ಕಂದು-ಕೆಂಪಾಗಿ ಕಾಣುತ್ತದೆ. ಕೆನೆಯ ಮೇಲೆ ಬಿದ್ದರೆ ತಿಳಿ ಗುಲಾಬಿ. ಒಂದೇ ಎಲೆಯಲ್ಲಿ ನಾಲ್ಕೈದು ಬಣ್ಣ ಕೆಲವು ದಿನ ನಿಂತಿರುತ್ತವೆ. ಆಮೇಲೆ ಹಸಿರು ಹಿಂದೆ ಸರಿದು ಎಲ್ಲ ಒಂದಾಗುತ್ತದೆ. ಪೂರ್ತಿ ಕೆಂಪಾದದ್ದಕ್ಕಿಂತ ನನಗೆ ಈ ಎಲೆಗಳೇ ಇಷ್ಟ.

ಕೀಟಗಳಲ್ಲಿ ಬಿಳಿ ನೊಣದ ಕಾಟ ಎಲ್ಲ ಪಾಯಿನ್ಸೆಟಿಯಾಗೂ ಇದೆ. ಇಲ್ಲಿ ವಿಶೇಷ ಏನೆಂದರೆ, ಅದರ ಮರಿಗಳು ತಿಳಿ ಹಳದಿ, ಕೂರುವುದು ಎಲೆಯ ಅಡಿಯಲ್ಲಿ. ಕೆನೆ ಭಾಗದ ಮೇಲೆ ಕಣ್ಣಿಗೇ ಬೀಳುವುದಿಲ್ಲ. ಎಲೆಯನ್ನು ತಿರುಗಿಸಿ ಬೆಳಕಿಗೆ ಓರೆಯಾಗಿ ಹಿಡಿದರೆ ಹುರುಪೆಯ ಹಾಗೆ ಉಬ್ಬು ಕಾಣುತ್ತವೆ. ಗೆಣ್ಣುಗಳಲ್ಲಿ ಹತ್ತಿ ಅಂಟಿದ ಹಾಗಿದ್ದರೆ ಹಿಟ್ಟು ತಿಗಣೆ. ಎರಡಕ್ಕೂ ಒದ್ದೆ ಬಟ್ಟೆಯಲ್ಲಿ ಒರೆಸುವುದು ಮೊದಲ ಉಪಾಯ. ಆಮೇಲೆ ಕೀಟನಾಶಕ ಸೋಪು ಅಥವಾ ಬೇವಿನ ಎಣ್ಣೆ. ಎಣ್ಣೆ ಹೊಡೆದ ದಿನ ಗಿಡವನ್ನು ಬಿಸಿಲಿಗೆ ಇಡಬೇಡಿ. ಬಣ್ಣದೆಲೆಗೆ ಎಣ್ಣೆ ಬೇಡವೇ ಬೇಡ, ಕಲೆ ಉಳಿಯುತ್ತದೆ.

ತುಂಡು ನೆಟ್ಟು ಬೆಳೆಸುವುದಾದರೆ ಬೇಸಿಗೆ ಸರಿಯಾದ ಕಾಲ. 7ರಿಂದ 10 ಸೆಂಟಿಮೀಟರ್ ಉದ್ದದ ಕುಡಿ ತೆಗೆದು, ಹಾಲು ನಿಲ್ಲುವ ತನಕ ನೀರಿನಲ್ಲಿಟ್ಟು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಮಿಶ್ರಣದಲ್ಲಿ ನೆಡಿ. ಮೇಲೆ ಪಾರದರ್ಶಕ ಡಬ್ಬ ಕವುಚಿ ತೇವ ಹಿಡಿದಿಡಿ. ಮೂರು ನಾಲ್ಕು ವಾರಕ್ಕೆ ಬೇರು ಬರುತ್ತದೆ, ವೇರಿಗೇಟೆಡ್‌ನಲ್ಲಿ ಒಂದೆರಡು ವಾರ ತಡವಾದರೆ ಗಾಬರಿ ಬೇಡ. ಕುಡಿ ಆರಿಸುವಾಗ ಅತಿ ಚೆಂದದ್ದನ್ನು ಬಿಟ್ಟು ಹಸಿರು ಸ್ವಲ್ಪ ಜಾಸ್ತಿ ಇರುವುದನ್ನೇ ತೆಗೆದುಕೊಳ್ಳಿ. ಬೇರು ಬಿಡುವ ತನಕ ಅದರ ಕೈಯಲ್ಲಿರುವ ಬಂಡವಾಳ ಆ ಹಸಿರೊಂದೇ. ಬಹಳಷ್ಟು ತಳಿಗಳಿಗೆ ಪೇಟೆಂಟ್ ಇದೆ, ಅಂಥವನ್ನು ಅನುಮತಿ ಇಲ್ಲದೆ ಹೀಗೆ ಮರಿ ಮಾಡುವ ಹಾಗಿಲ್ಲ. ಗಿಡದ ಜೊತೆ ಬಂದ ಚೀಟಿ ಓದಿಕೊಳ್ಳಿ.

ಇಷ್ಟೆಲ್ಲ ಓದಿ, ಹತ್ತು ವಾರ ಡಬ್ಬ ಮುಚ್ಚಿ ತೆಗೆಯುವ ಕೆಲಸ ಯಾರು ಮಾಡುತ್ತಾರೆ ಅಂತ ನಿಮಗೆ ಅನ್ನಿಸಿದರೆ, ಮಾಡಬೇಡಿ. ಕೆಂಪು ಪಾಯಿನ್ಸೆಟಿಯಾ ಕೆಂಪಾಗದಿದ್ದರೆ ಅದನ್ನು ಇಟ್ಟುಕೊಳ್ಳಲು ಬೇರೆ ಕಾರಣ ಸಿಗುವುದು ಕಷ್ಟ. ಎಲೆಯಲ್ಲೇ ಬಣ್ಣ ಇರುವ ಗಿಡಕ್ಕೆ ಆ ಕಷ್ಟ ಇಲ್ಲ. ನನ್ನ ಕಿಟಕಿಯಲ್ಲಿರುವ ಸಿಲ್ವರ್ ಸ್ಟಾರ್ ಸಂಜೆ ಹೊತ್ತು ದೀಪದ ಕೆಳಗೇ ಇರುತ್ತದೆ. ಡಿಸೆಂಬರ್ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ. ಸುಮ್ನೆ ಎಲೆ ಬಿಡುತ್ತಾ ಇರುತ್ತದೆ. ನೀರು, ಅರ್ಧ ಗೊಬ್ಬರ, ಅಪರೂಪಕ್ಕೆ ಒಂದು ಹಸಿರು ಕೊಂಬೆಗೆ ಕತ್ತರಿ, ಅಷ್ಟೇ ಅದಕ್ಕೆ ನಾನು ಮಾಡುವುದು.